ಶಾಲೆಯಲ್ಲಿ ಏಳು ಮಕ್ಕಳು, ದೇಶದಲ್ಲಿ 140 ಕೋಟಿ ಜನ: ಎರಡೂ ನಿಜವಾಗುವುದು ಹೇಗೆ?

ಪ್ರಶ್ನೆ: ನಾನು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯವಳು, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. 1986ರಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮೂರ ಶಾಲೆಯಲ್ಲಿ 64 ಮಕ್ಕಳಿದ್ದರು. ಈಗ ಏಳು. ಮುಂದಿನ ವರ್ಷ ಬಾಗಿಲು ಹಾಕುತ್ತಾರೆ ಎಂಬ ಮಾತಿದೆ. ಊರಲ್ಲಿ ಎಲ್ಲಿ ನೋಡಿದರೂ ನಮ್ಮಂಥ ವಯಸ್ಸಾದವರೇ. ಟಿವಿ ಹಾಕಿದರೆ ಜನಸಂಖ್ಯಾ ಸ್ಫೋಟ, ಚೀನಾವನ್ನೂ ಹಿಂದೆ ಹಾಕಿದೆವು ಅನ್ನುತ್ತಾರೆ. ಹೋದ ತಿಂಗಳು ನಮ್ಮ ಜನಾಂಗದ ಸಭೆಯಲ್ಲಿ ಮುಖಂಡರೊಬ್ಬರು, ಮನೆಗೆ ಮೂರು ಮಕ್ಕಳಾದರೂ ಬೇಕು, ಇಲ್ಲದಿದ್ದರೆ ನಾವೂ ಉಳಿಯುವುದಿಲ್ಲ, ಲೋಕಸಭೆಯಲ್ಲಿ ನಮ್ಮ ರಾಜ್ಯದ ಸೀಟೂ ಉಳಿಯುವುದಿಲ್ಲ ಅಂದರು. ಈಗಿನ ಊಟ, ಔಷಧಿ, ಲಸಿಕೆಗಳಿಂದ ಮಕ್ಕಳಾಗುವುದೇ ಕಡಿಮೆಯಾಗಿದೆ ಎಂದೂ ಕೇಳಿದ್ದೇನೆ. ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. ಸೊಸೆಗೆ 34 ವರ್ಷ. ಒಬ್ಬಳೇ ಮೊಮ್ಮಗಳು, ಐದು ವರ್ಷದವಳು. ‘ಒಂದೇ ಸಾಕಮ್ಮ’ ಅನ್ನುತ್ತಾರೆ. ನಾನು ಯಾವುದನ್ನು ನಂಬಲಿ? ಇನ್ನೊಂದು ಮಗುವಿಗೆ ಒತ್ತಾಯ ಮಾಡಲೇ? ನಾಳೆ ನಮ್ಮಂಥವರನ್ನು ನೋಡಿಕೊಳ್ಳುವವರು ಯಾರು?

ಉತ್ತರ: ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೇಲ್ನೋಟಕ್ಕೆ ಒಂದೇ ಪ್ರಶ್ನೆ ಅನ್ನಿಸಿದರೂ ಒಳಗೆ ಮೂರಿವೆ. ಊರು ಯಾಕೆ ಖಾಲಿಯಾಗುತ್ತಿದೆ, ದೇಶದ ಜನ ಹೆಚ್ಚುತ್ತಿದ್ದಾರೋ ಕಡಿಮೆಯಾಗುತ್ತಿದ್ದಾರೋ, ಮನೆಯಲ್ಲಿ ನೀವು ಏನು ಮಾಡಬೇಕು. ಮೂರನ್ನೂ ಸೇರಿಸಿ ಒಂದೇ ಉತ್ತರ ಕೊಡುವವರ ಬಗ್ಗೆ ಸ್ವಲ್ಪ ಎಚ್ಚರವಿರಲಿ. ಸಭೆಯ ಮುಖಂಡರಾಗಲಿ, ಟಿವಿಯವರಾಗಲಿ ಮಾಡಿದ್ದು ಅದನ್ನೇ.

ಮೊದಲು ನಿಮ್ಮ ಕಣ್ಣಿಗೆ ಕಂಡದ್ದು ಸುಳ್ಳಲ್ಲ ಎಂದು ಹೇಳಿಬಿಡುತ್ತೇನೆ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11.41 ಲಕ್ಷ. 2011ರಲ್ಲಿ 11.38 ಲಕ್ಷ. ಕರ್ನಾಟಕ ಒಟ್ಟಾರೆ ಶೇ 15.6ರಷ್ಟು ಬೆಳೆದ ಆ ಹತ್ತು ವರ್ಷಗಳಲ್ಲಿ ನಿಮ್ಮ ಜಿಲ್ಲೆ ಬೆಳೆಯಲಿಲ್ಲ, ಕುಗ್ಗಿತು. ಕೊಡಗು ಬೆಳೆದದ್ದು ಶೇ 1ರಷ್ಟು. ಹಾಸನ ಶೇ 3ರ ಆಸುಪಾಸು. ಅದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ನಿಮ್ಮ ಶಾಲೆಯ ಬೆಂಚುಗಳು ಎಲ್ಲಿಗೆ ಹೋದವು ಎಂಬುದಕ್ಕೆ ಅರ್ಧ ಉತ್ತರ ಈ ಎರಡು ಅಂಕಿಗಳಲ್ಲೇ ಇದೆ.

ಟಿವಿಯವರು ಹೇಳಿದ್ದೂ ಸುಳ್ಳಲ್ಲ. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರ ಏಪ್ರಿಲ್‌ನಲ್ಲಿ ಭಾರತ ಸುಮಾರು 142 ಕೋಟಿ ಜನರೊಂದಿಗೆ ಚೀನಾವನ್ನು ದಾಟಿತು. ಆದರೆ ‘ಸ್ಫೋಟ’ ಎಂಬ ಪದವನ್ನು ನಾನು ಒಪ್ಪುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 1992-93ರಲ್ಲಿ ಮೊದಲ ಬಾರಿ ನಡೆದಾಗ ದೇಶದ ಸರಾಸರಿ ಒಬ್ಬ ಹೆಂಗಸಿಗೆ 3.4 ಮಕ್ಕಳು. 2019-21ರ ಐದನೇ ಸಮೀಕ್ಷೆಯಲ್ಲಿ ಅದು 2.0. ಕರ್ನಾಟಕದ್ದು 1.7. ಒಂದು ತಲೆಮಾರಿನ ಜಾಗವನ್ನು ಮುಂದಿನ ತಲೆಮಾರು ಸರಿಯಾಗಿ ತುಂಬಬೇಕಾದರೆ ಸುಮಾರು 2.1 ಬೇಕು. ಎರಡರ ಮೇಲೆ ಆ ಒಂದು ಚೂರು ಯಾಕೆಂದರೆ, ಹುಟ್ಟುವಾಗ ಹೆಣ್ಣಿಗಿಂತ ಗಂಡು ತುಸು ಹೆಚ್ಚು, ಹುಟ್ಟಿದ ಹೆಣ್ಣುಮಕ್ಕಳೆಲ್ಲ ತಾಯಿಯಾಗುವ ವಯಸ್ಸಿನವರೆಗೆ ಬದುಕಿರುವುದಿಲ್ಲ.

ಹಾಗಾದರೆ ಹೆರುವುದು ಕಡಿಮೆಯಾದ ಮೇಲೂ ಜನ ಹೆಚ್ಚುವುದು ಹೇಗೆ? ಜನಸಂಖ್ಯೆಯ ಲೆಕ್ಕ ನೋಡುವ ನನ್ನ ಕಸುಬಿನಲ್ಲಿ ಜನರಿಗೆ ಅರ್ಥ ಮಾಡಿಸಲು ಅತ್ಯಂತ ಕಷ್ಟವಾದ ವಿಷಯ ಇದೇ. ನೀವು ಲೆಕ್ಕ ಕಲಿಸಿದವರು, ನಿಮಗೆ ಸಲೀಸಾಗಿ ಹಿಡಿಯುತ್ತದೆ.

ಒಂದು ಊರಲ್ಲಿ 1975ರ ಸುಮಾರಿಗೆ ನೂರು ದಂಪತಿಗಳು ಇದ್ದರು ಅಂದುಕೊಳ್ಳಿ. ಮನೆಗೆ ನಾಲ್ಕು ಮಕ್ಕಳು. ಒಟ್ಟು 400. ಅವರು ಬೆಳೆದು 200 ದಂಪತಿಗಳಾದರು. ಇವರು ಎರಡೇ ಸಾಕು ಅಂದರು. ಮನೆಗೆ ಮಕ್ಕಳು ಅರ್ಧಕ್ಕೆ ಇಳಿದರೂ ಊರಲ್ಲಿ ಹುಟ್ಟಿದ ಮಕ್ಕಳು ಮತ್ತೆ 400! ಯಾಕೆಂದರೆ ಹೆರುವವರೇ ಎರಡರಷ್ಟಾಗಿದ್ದಾರೆ. ಇತ್ತ ಅಜ್ಜ ಅಜ್ಜಿಯರೂ ಮೊದಲಿನಂತೆ ಐವತ್ತಕ್ಕೇ ಹೋಗಿಬಿಡುತ್ತಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ನಮ್ಮ ಸರಾಸರಿ ಆಯುಸ್ಸು ಮೂವತ್ತೆರಡರ ಆಸುಪಾಸು, ಈಗ ಎಪ್ಪತ್ತರ ಹತ್ತಿರ. ಹೀಗೆ ಮೂರು ತಲೆಮಾರು ಒಟ್ಟಿಗೆ ಬದುಕಿರುವಾಗ ತಲೆ ಎಣಿಕೆ ಏರುತ್ತಲೇ ಇರುತ್ತದೆ. ಇಳಿಯುವುದು ಆಮೇಲೆ. ಆ 400ರಿಂದ ಮತ್ತೆ 200 ದಂಪತಿಗಳು. ಅವರಿಗೆ ಕರ್ನಾಟಕದ ಈಗಿನ ಸರಾಸರಿಯಂತೆ 1.7 ಮಕ್ಕಳಾದರೆ 340. ಅದರ ಮುಂದಿನ ತಲೆಮಾರಿಗೆ 289. ಇಳಿಜಾರಿನಲ್ಲಿ ಬ್ರೇಕ್ ಹಾಕಿದ ಕೂಡಲೇ ಬಸ್ಸು ನಿಲ್ಲುವುದಿಲ್ಲವಲ್ಲ, ಹಾಗೆ. ನಾವು ಬ್ರೇಕ್ ಒತ್ತಿ ಬಹಳ ವರ್ಷವಾಗಿದೆ, ಬಸ್ಸು ಇನ್ನೂ ಉರುಳುತ್ತಿದೆ. ವಿಶ್ವಸಂಸ್ಥೆಯ 2024ರ ಅಂದಾಜಿನಂತೆ ಭಾರತ 2060ರ ದಶಕದಲ್ಲಿ ಸುಮಾರು 170 ಕೋಟಿ ಮುಟ್ಟಿ ಅಲ್ಲಿಂದ ಇಳಿಯತೊಡಗುತ್ತದೆ.

ಈಗ ಅದೇ ಲೆಕ್ಕವನ್ನು ನಿಮ್ಮೂರಿಗೆ ತನ್ನಿ. ಆ 200 ದಂಪತಿಗಳಲ್ಲಿ 150 ಜೋಡಿ ಬೆಂಗಳೂರು, ಮಂಗಳೂರು, ಶಿವಮೊಗ್ಗ ಸೇರಿದರು ಅಂದುಕೊಳ್ಳಿ. ಉಳಿದ 50 ಜೋಡಿಗೆ 1.7ರಂತೆ 85 ಮಕ್ಕಳು. ಗಮನಿಸಿ: ಹೆರುವುದು ಕಡಿಮೆಯಾದದ್ದರಿಂದ 400 ಇದ್ದದ್ದು 340ಕ್ಕೆ ಇಳಿಯಿತು. ಊರು ಬಿಟ್ಟು ಹೋದದ್ದರಿಂದ 340 ಇದ್ದದ್ದು 85ಕ್ಕೆ. ಆ 85ರಲ್ಲೂ ಬೆಳಿಗ್ಗೆ ಎಂಟಕ್ಕೆ ಟೈ ಕಟ್ಟಿಕೊಂಡು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಹತ್ತುವವರು ಎಷ್ಟು? ಒಂದು ವಾರ ರಸ್ತೆ ಬದಿಯಲ್ಲಿ ನಿಂತು ನೀವೇ ಎಣಿಸಿ ನೋಡಿ. 64 ಇದ್ದದ್ದು ಏಳಾಗಲು ಮೂರು ಕಾರಣಗಳಿವೆ: ವಲಸೆ, ವ್ಯಾನ್, ಕಡಿಮೆ ಹೆರಿಗೆ. ನನ್ನ ಅನುಭವದಲ್ಲಿ ಮಲೆನಾಡಿನ ಊರುಗಳಲ್ಲಿ ಮೂರನೆಯದರ ಪಾಲು ಜನ ತಿಳಿದಿರುವುದಕ್ಕಿಂತ ಬಹಳ ಕಡಿಮೆ. ನಿಮ್ಮ ಸೊಸೆಗೆ ನಾಳೆ ಅವಳಿ ಜವಳಿ ಹುಟ್ಟಿದರೂ ಅವು ಸೇರುವುದು ಬೆಂಗಳೂರಿನ ಶಾಲೆಗೇ.

ಊಟ, ಔಷಧಿ, ಲಸಿಕೆಯ ವಿಷಯ. ಮಕ್ಕಳಾಗದ ನೋವು ನಿಜ. ಅದಕ್ಕೆ ಗಂಡಸಿನಲ್ಲೂ ಹೆಂಗಸಿನಲ್ಲೂ ಹಲವು ಕಾರಣಗಳಿವೆ, ಮದುವೆ ತಡವಾಗುವುದೂ ಅದರಲ್ಲೊಂದು. ಆದರೆ ಲಸಿಕೆಯಿಂದ ಬಂಜೆತನ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಪಲ್ಸ್ ಪೋಲಿಯೊ ಹನಿ ಬಿಹಾರದ ಮಕ್ಕಳಿಗೂ ಬಿತ್ತು, ನಮ್ಮ ಮಕ್ಕಳಿಗೂ ಬಿತ್ತು. ಬಿಹಾರದಲ್ಲಿ ಸರಾಸರಿ 3.0, ನಮ್ಮಲ್ಲಿ 1.7. ಜನ ಕಡಿಮೆ ಮಕ್ಕಳನ್ನು ಹೆರುತ್ತಿರುವುದು ಆಗದೆ ಅಲ್ಲ, ಬೇಡವೆಂದು.

ಬೇಡ ಅನ್ನಿಸಿದ್ದು ಯಾಕೆ ಎಂಬುದನ್ನು ನನಗೆ ಕಲಿಸಿದ್ದು ಪುಸ್ತಕವಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾದಗಿರಿ ಕಡೆಯ ಹಳ್ಳಿಯೊಂದಕ್ಕೆ ಸಮೀಕ್ಷೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತಿದ್ದ ಒಬ್ಬ ತಾಯಿಗೆ ‘ಎಷ್ಟು ಮಕ್ಕಳಮ್ಮ?’ ಎಂದು ಕೇಳಿದೆ. ‘ಹಡದದ್ದು ಹೇಳ್ಲೋ, ಉಳದದ್ದು ಹೇಳ್ಲೋ?’ ಅಂದಳು. ಹೆತ್ತದ್ದು ಎಂಟು, ಉಳಿದದ್ದು ನಾಲ್ಕು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ಹೋಗಿಬಿಡುತ್ತಿದ್ದವು. 2020ರಲ್ಲಿ 28. ಮಕ್ಕಳು ಬದುಕುತ್ತಾರೆ ಎಂಬ ಧೈರ್ಯ ಬಂದ ಕಡೆಯಲ್ಲೆಲ್ಲ ಮನೆಗಳು ಚಿಕ್ಕದಾಗಿವೆ. ಹೆಣ್ಣುಮಕ್ಕಳ ಓದು, ತಡವಾದ ಮದುವೆ, ಹೊಲಕ್ಕೆ ಕೈ ಬೇಕು ಎಂಬುದು ಹೋಗಿ ಫೀಸಿಗೆ ದುಡ್ಡು ಬೇಕು ಎಂದಾದದ್ದು, ಇವೆಲ್ಲ ಅದಕ್ಕೆ ಸೇರಿಕೊಂಡವು.

ಮನೆ ಚಿಕ್ಕದಿರಲಿ ಎಂಬ ಈ ಆಸೆ ನಿನ್ನೆ ಮೊನ್ನೆಯದೂ ಅಲ್ಲ. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಗರ್ಭನಿರೋಧ ಕ್ಲಿನಿಕ್‌ಗಳನ್ನು ತೆರೆದಿತ್ತು. ಸರ್ಕಾರವೇ ಇಂಥದ್ದನ್ನು ನಡೆಸಿದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ರಾಜ್ಯದಲ್ಲಿ ಜನಸಂಖ್ಯಾ ಅಧ್ಯಯನ ನಡೆಸಿದಾಗ, ಕುಟುಂಬ ಚಿಕ್ಕದಾಗಿರಲಿ ಎಂಬ ಆಸಕ್ತಿ ಹಳ್ಳಿಗಳಲ್ಲೂ ಕಂಡಿತ್ತು. ಮನಸ್ಸಿತ್ತು, ಸಾಧನ ಇರಲಿಲ್ಲ. ಸಾಧನ ಬಂದಾಗ ಅದರ ಭಾರ ಬಿದ್ದದ್ದು ಹೆಂಗಸರ ಮೇಲೆ. ಇವತ್ತಿಗೂ ನಮ್ಮ ರಾಜ್ಯದ ವಿವಾಹಿತ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಮಾಡಿಸಿಕೊಂಡವರು. ಗಂಡಸರು ಲೆಕ್ಕಕ್ಕೇ ಸಿಗುವುದಿಲ್ಲ. ಇದು ನನ್ನನ್ನು ಈಗಲೂ ಕಾಡುವ ಅನ್ಯಾಯ. ಕಡಿಮೆ ಹೆರಿ ಎಂದು ಹೇಳುವಾಗಲೂ ಹೆಂಗಸಿನ ಮೈ, ಹೆಚ್ಚು ಹೆರಿ ಎಂದು ಹೇಳುವಾಗಲೂ ಹೆಂಗಸಿನ ಮೈ.

ಇನ್ನು ‘ನಾವು ಉಳಿಯುವುದಿಲ್ಲ’ ಎಂಬ ಮಾತು. ಇದನ್ನು ನಾನು ಹತ್ತಾರು ಜನಾಂಗಗಳ ವೇದಿಕೆಗಳಲ್ಲಿ ಕೇಳಿದ್ದೇನೆ. ಪ್ರತಿಯೊಬ್ಬರಿಗೂ ತಮ್ಮವರೇ ಕರಗುತ್ತಿದ್ದಾರೆ, ಪಕ್ಕದವರು ಬೆಳೆಯುತ್ತಿದ್ದಾರೆ ಎಂಬ ಆತಂಕ. ಆ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದು ಬೇರೆ. ಮೊದಲ ಸಮೀಕ್ಷೆಯಿಂದ ಐದನೆಯದರ ಹೊತ್ತಿಗೆ ದೇಶದ ಹಿಂದೂ ಹೆಂಗಸರ ಸರಾಸರಿ 3.3ರಿಂದ 1.9ಕ್ಕೆ, ಮುಸ್ಲಿಂ ಹೆಂಗಸರದ್ದು 4.4ರಿಂದ 2.4ಕ್ಕೆ ಇಳಿದಿದೆ. ಎಲ್ಲರೂ ಒಂದೇ ದಾರಿಯಲ್ಲಿ ಇಳಿಯುತ್ತಿದ್ದಾರೆ, ಕೆಲವರು ಮುಂದೆ, ಕೆಲವರು ಹಿಂದೆ. ಯಾರು ಎಲ್ಲಿದ್ದಾರೆ ಎಂಬುದಕ್ಕೆ ಜಾತಿ ಧರ್ಮಕ್ಕಿಂತ ಆ ಊರಿನ ಹೆಣ್ಣುಮಕ್ಕಳು ಎಷ್ಟನೇ ತರಗತಿವರೆಗೆ ಓದಿದ್ದಾರೆ ಎಂಬುದೇ ಹೆಚ್ಚು ಉತ್ತರ ಹೇಳುತ್ತದೆ.

ಲೋಕಸಭೆ ಸೀಟಿನ ಭಯಕ್ಕೆ ಬುಡವಿದೆ, ಅದನ್ನು ತಳ್ಳಿಹಾಕಲಾರೆ. ಜನಸಂಖ್ಯೆ ಹಿಡಿತದಲ್ಲಿಟ್ಟ ರಾಜ್ಯಗಳಿಗೆ ನಷ್ಟವಾಗಬಾರದೆಂದು ಸಂವಿಧಾನದ 1976ರ 42ನೇ ತಿದ್ದುಪಡಿ ಸೀಟುಗಳ ಹಂಚಿಕೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಕಟ್ಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಆದ್ದರಿಂದಲೇ ಈಗ ಚರ್ಚೆ ಕಾವೇರಿದೆ. ಆದರೆ ಹೆರಿಗೆಯಿಂದ ಅದಕ್ಕೆ ಪರಿಹಾರವಿಲ್ಲ, ಲೆಕ್ಕ ಹಾಕಿ ನೋಡಿ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಹುಟ್ಟುವುದು ಹೆಚ್ಚುಕಡಿಮೆ 11 ಲಕ್ಷ ಮಕ್ಕಳು. ಎಲ್ಲರೂ ಮುಖಂಡರ ಮಾತು ಕೇಳಿ ಹೆರಿಗೆಗಳು ಒಂದೇ ವರ್ಷದಲ್ಲಿ ಶೇ 10ರಷ್ಟು ಏರಿದವು ಅನ್ನೋಣ. ಸಿಗುವುದು 1.1 ಲಕ್ಷ ಮಕ್ಕಳು. ರಾಜ್ಯದ ಸುಮಾರು 6.8 ಕೋಟಿ ಜನರಲ್ಲಿ ಅದು ಶೇ 0.2ರಷ್ಟೂ ಆಗುವುದಿಲ್ಲ. ಉತ್ತರ ಪ್ರದೇಶದಲ್ಲಿ 2011ರಲ್ಲೇ ಸುಮಾರು 20 ಕೋಟಿ ಜನರಿದ್ದರು. ಸೀಟಿನ ನ್ಯಾಯವನ್ನು ಸಂಸತ್ತಿನಲ್ಲಿ ಕೇಳಬೇಕು, ಸೊಸೆಯಂದಿರಲ್ಲಿ ಕೇಳುವುದು ಸರಿಯಲ್ಲ. ಇದರ ಜೊತೆಗೆ ಇನ್ನೊಂದು ಮಾತು. ಮುಂದಿನ ಜನಗಣತಿಯ ಲೆಕ್ಕದ ದಿನ 2027ರ ಮಾರ್ಚ್ 1 ಎಂದು ಗೊತ್ತುಮಾಡಿದ್ದಾರೆ. ಬೆಂಗಳೂರಿನ ಮಕ್ಕಳ ಹೆಸರನ್ನೂ ಊರ ಮನೆಯಲ್ಲಿ ಬರೆಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮಾಮೂಲಾಗಿ ವಾಸವಿರುವ ಕಡೆಯೇ ಎಣಿಕೆ. ಎರಡು ಕಡೆ ಬರೆಸಿದರೆ ಊರಿಗೆ ಬೇಕಾದ ಶಾಲೆ, ಆಸ್ಪತ್ರೆಯ ಲೆಕ್ಕವೇ ಕೆಡುತ್ತದೆ.

ಸರ್ಕಾರ ಹಣ ಕೊಟ್ಟು ಹೆಚ್ಚು ಮಕ್ಕಳನ್ನು ಹೆರಿಸಬಹುದೇ? ಹೊರಗಿನ ಅನುಭವ ನೋಡಿ. ದಕ್ಷಿಣ ಕೊರಿಯಾ ವರ್ಷಗಟ್ಟಲೆ ಅಪಾರ ಹಣ ಸುರಿದಿದೆ, 2023ರಲ್ಲಿ ಅಲ್ಲಿನ ಸರಾಸರಿ 0.72. ಚೀನಾ ಮೂರೂವರೆ ದಶಕ ಒಂದೇ ಮಗು ಎಂದು ಬಲವಂತ ಮಾಡಿ, 2021ರಲ್ಲಿ ಮೂರಕ್ಕೆ ಅನುಮತಿ ಕೊಟ್ಟಿತು. 2022ರಿಂದ ಅಲ್ಲಿನ ಜನಸಂಖ್ಯೆ ಇಳಿಯತೊಡಗಿದೆ. ನೆರೆಯ ಆಂಧ್ರದಲ್ಲಿ ಎರಡಕ್ಕಿಂತ ಹೆಚ್ಚು ಮಕ್ಕಳಿದ್ದವರು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ನಿಲ್ಲಬಾರದು ಎಂಬ ನಿಯಮವಿತ್ತು, ಅದನ್ನು 2024ರಲ್ಲಿ ತೆಗೆದುಹಾಕಿದರು. ಒಂದು ಸಲ ಜನರ ಮನಸ್ಸಿನಲ್ಲಿ ‘ಇಷ್ಟೇ ಸಾಕು’ ಎಂದು ಕೂತಮೇಲೆ ಆಜ್ಞೆ, ಬಹುಮಾನ ಎರಡೂ ಹೆಚ್ಚು ನಡೆಯುವುದಿಲ್ಲ. ಸ್ವಲ್ಪ ನಡೆಯುವುದು ಬೇರೆ: ಕೂಸನ್ನು ನಂಬಿ ಬಿಡಬಹುದಾದ ಶಿಶುಪಾಲನಾ ಕೇಂದ್ರ, ಮಗು ಹೆತ್ತದ್ದಕ್ಕೆ ಹಿಂದೆ ಬೀಳದ ನೌಕರಿ, ಮನೆಗೆಲಸಕ್ಕೆ ಕೈ ಹಾಕುವ ಗಂಡ.

ಇಲ್ಲಿಗೆ ನಿಮ್ಮ ಮನೆಯ ಪ್ರಶ್ನೆಗೆ ಬಂದೆವು. ಒತ್ತಾಯ ಮಾಡಬೇಡಿ. ಕೇಳಬಹುದು, ಒಮ್ಮೆ, ಬಿಡುವಾಗಿ ಕೂತಾಗ. ‘ಇನ್ನೊಂದು ಯಾವಾಗ?’ ಎಂದಲ್ಲ, ‘ಇನ್ನೊಂದು ಬೇಕು ಅನ್ನಿಸಿ ಏನೋ ಅಡ್ಡ ಬಂದಿದೆಯಾ?’ ಎಂದು. ಒಂದೇ ಸಾಕು ಅನ್ನುವ ದಂಪತಿಗಳಲ್ಲಿ ಎರಡು ಬಗೆ ಕಂಡಿದ್ದೇನೆ. ಕೆಲವರು ಯೋಚಿಸಿ ತೀರ್ಮಾನ ಮಾಡಿದವರು. ಅವರನ್ನು ಅವರ ಪಾಡಿಗೆ ಬಿಡಬೇಕು. ಇನ್ನು ಕೆಲವರಿಗೆ ಮನಸ್ಸಿದೆ, ಮೊದಲನೇ ಮಗುವಿನ ಮೂರು ವರ್ಷ ನಿದ್ದೆಗೆಟ್ಟ ದಣಿವು ಇನ್ನೂ ಇಳಿದಿರುವುದಿಲ್ಲ, ಮನೆ ಸಾಲದ ಕಂತು ಇರುತ್ತದೆ, ರಜೆ ಕೇಳಿದರೆ ಕೆಲಸದ ಜಾಗದಲ್ಲಿ ಮುಖ ಸಿಂಡರಿಸುತ್ತಾರೆ. ಎರಡನೇ ಬಗೆಯವರಾದರೆ ನೀವು ಕೊಡಬಹುದಾದದ್ದು ನಿಮ್ಮ ಕಾಲ: ಆರು ತಿಂಗಳು ಬಂದು ಇರುತ್ತೇನೆ ಎಂಬ ಮಾತು ಯಾವ ಮುಖಂಡರ ಭಾಷಣಕ್ಕಿಂತ ದೊಡ್ಡದು. ಆದರೆ ಅಳೆದು ಕೊಡಿ. ನಿಮ್ಮ ಮೊಣಕಾಲು, ನಿಮ್ಮ ತೋಟ, ಊರಲ್ಲಿ ಒಬ್ಬರೇ ಆಗುವ ಮನೆಯವರು, ಎಲ್ಲವನ್ನೂ ನೋಡಿಕೊಂಡು. ಕೊಟ್ಟ ಮಾತು ಮಧ್ಯದಲ್ಲಿ ತಪ್ಪಿದರೆ ಭಾರವೆಲ್ಲ ಸೊಸೆಯ ಮೇಲೆ ಬೀಳುತ್ತದೆ.

ವಯಸ್ಸಿನ ವಿಷಯ ಅವರಿಗೆ ಗೊತ್ತಿರಲಿ, ಹೆದರಿಸುವುದಕ್ಕಲ್ಲ. ಮೂವತ್ತೈದರ ನಂತರ ಗರ್ಭ ನಿಲ್ಲುವ ಸಾಧ್ಯತೆ ಮೊದಲಿಗಿಂತ ಬೇಗ ಇಳಿಯುತ್ತದೆ. ಗರ್ಭಪಾತ, ಬಸಿರಿನಲ್ಲಿ ಬರುವ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಸಾಧ್ಯತೆ ಏರುತ್ತದೆ. 36, 37ಕ್ಕೆ ಆರೋಗ್ಯವಾದ ಮಗು ಹೆತ್ತವರು ಬೇಕಾದಷ್ಟು ಜನರಿದ್ದಾರೆ. ನಾನು ಅಂಕಿಯವನು, ವೈದ್ಯನಲ್ಲ. ಬೇಕು ಎಂದಾದರೆ ಅವರು ತಮ್ಮ ಸ್ತ್ರೀರೋಗ ತಜ್ಞರನ್ನು ಈ ವರ್ಷವೇ ಕಾಣಲಿ. ಬೇಡ ಎಂದಾದರೆ ನಿಮ್ಮ ಮೊಮ್ಮಗಳ ಬಗ್ಗೆ ಚಿಂತೆ ಬೇಡ. ಒಂಟಿ ಮಗು ಹಟಮಾರಿಯಾಗುತ್ತದೆ ಎಂಬುದು ಹಳೆಯ ನಂಬಿಕೆ ಅಷ್ಟೇ, ಮಗ್ಗಿ ಹೇಳಿಕೊಡುತ್ತ ಎಲ್ಲ ಬಗೆಯ ಮಕ್ಕಳನ್ನೂ ನೋಡಿದ ನಿಮಗೆ ಅದು ಗೊತ್ತಿರುತ್ತದೆ.

ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. 2011ರಲ್ಲಿ ರಾಜ್ಯದ ಜನರಲ್ಲಿ ಅರವತ್ತು ದಾಟಿದವರು ನೂರಕ್ಕೆ ಒಂಬತ್ತೂವರೆ. 2031ರ ಹೊತ್ತಿಗೆ ಹದಿನೈದರ ಹತ್ತಿರ ಆಗಬಹುದೆಂಬ ಅಂದಾಜಿದೆ, ನಿಮ್ಮಂಥ ಊರುಗಳಲ್ಲಿ ಈಗಾಗಲೇ ಅದನ್ನು ದಾಟಿದಂತೆ ಕಾಣುತ್ತದೆ. ಮಕ್ಕಳ ಸಂಖ್ಯೆ ಹೆಚ್ಚಿದ್ದರೆ ಭದ್ರ ಎಂಬುದು ಮಕ್ಕಳು ಊರಲ್ಲೇ ಇರುತ್ತಿದ್ದ ಕಾಲದ ಮಾತು. ನಾಲ್ಕು ಮಕ್ಕಳೂ ಬೆಂಗಳೂರಿನಲ್ಲಿದ್ದು ದೊಡ್ಡ ತೊಟ್ಟಿಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯರು ನಿಮ್ಮ ತಾಲ್ಲೂಕಿನಲ್ಲೇ ಸಿಗುತ್ತಾರೆ. ನಿಮಗಾದರೂ ನಿವೃತ್ತಿ ವೇತನವಿದೆ. ಕೂಲಿ ಮಾಡಿ ವಯಸ್ಸಾದ ಪಕ್ಕದ ಮನೆಯಾಕೆಗೆ ಸಂಧ್ಯಾ ಸುರಕ್ಷಾ ಹಣ ಬಿಟ್ಟರೆ ಏನಿದೆ? ಮನೆ ಬಾಗಿಲಿಗೆ ಬರುವ ನರ್ಸ್, ರಾತ್ರಿಯೂ ವೈದ್ಯರಿರುವ ತಾಲ್ಲೂಕು ಆಸ್ಪತ್ರೆ, ಕರೆದರೆ ಬರುವ ಆಂಬುಲೆನ್ಸ್. ಇವನ್ನು ನಿಮ್ಮ ಪಂಚಾಯಿತಿ ಗ್ರಾಮಸಭೆಯಲ್ಲಿ ಬರೆಸಬೇಕಾದ ಕಾಲ ಇದು.

ಮಲೆನಾಡು ಖಾಲಿಯಾಗುತ್ತಿರುವುದು ಇದೇ ಮೊದಲಲ್ಲ. 1871ರಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನ, 1876-78ರ ಧಾತು, ಈಶ್ವರ ಸಂವತ್ಸರಗಳ ಬರ ಕಳೆದು 1881ರಲ್ಲಿ ಎಣಿಸಿದಾಗ 42 ಲಕ್ಷಕ್ಕೂ ಕಡಿಮೆ ಇದ್ದರು. ಬಯಲುಸೀಮೆ ನಿಧಾನವಾಗಿ ಚೇತರಿಸಿಕೊಂಡಿತು. ಮಲೆನಾಡನ್ನು ಮಾತ್ರ ಚಳಿಜ್ವರ ತಿನ್ನುತ್ತಲೇ ಇತ್ತು. ಜನ ಕಡಿಮೆಯಾಗುತ್ತಿರುವುದನ್ನು ಕಂಡು ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮಲೆನಾಡಿನ ಸುಧಾರಣೆಗೆಂದೇ ಯೋಜನೆ ಹಾಕಿದರು. ಆದರೂ ಮಲೇರಿಯಾ ಹಿಡಿತ ಸಡಿಲಿಸಿದ್ದು ಸ್ವಾತಂತ್ರ್ಯದ ಆಸುಪಾಸಿನಲ್ಲಿ ಸೊಳ್ಳೆ ಕೊಲ್ಲುವ ಡಿಡಿಟಿ ಬಂದ ಮೇಲೆ. 1986ರಲ್ಲಿ ನೀವು ಹಾಜರಿ ಕರೆದ ಆ 64 ಮಕ್ಕಳು ಈ ಬದಲಾವಣೆಯ ಫಲ. ಅವರಲ್ಲಿ ಎಷ್ಟು ಮಂದಿಯ ಅಜ್ಜಂದಿರು ಘಟ್ಟದ ಕೆಳಗಿನಿಂದ ಕಾಫಿ ತೋಟದ ಕೆಲಸಕ್ಕೆಂದು ಹತ್ತಿ ಬಂದವರು ಎಂದು ನೆನಪು ಮಾಡಿಕೊಳ್ಳಿ. ನಿಮ್ಮೂರು ಬೆಳೆದದ್ದು ಹೆರಿಗೆಯಿಂದ ಎಷ್ಟೋ, ಹೊರಗಿನಿಂದ ಬಂದು ಬೇರೂರಿದವರಿಂದಲೂ ಅಷ್ಟೇ.

ಈಗಲೂ ಬರುತ್ತಿದ್ದಾರೆ. ಅಸ್ಸಾಮಿನಿಂದ, ಬಂಗಾಳದಿಂದ, ನಮ್ಮದೇ ಉತ್ತರ ಕರ್ನಾಟಕದ ಜಿಲ್ಲೆಗಳಿಂದ. ಎಸ್ಟೇಟ್ ಕೂಲಿಯವರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಅವರ ಮಕ್ಕಳೂ ಇದ್ದಾರೆ. ಅಪ್ಪ ಅಮ್ಮ ಹಣ್ಣು ಕೊಯ್ಯಲು ಹೋದಾಗ ಚಿಕ್ಕದನ್ನು ಎತ್ತಿಕೊಂಡು ಕೂರುವ ಎಂಟು ವರ್ಷದ ಹುಡುಗಿಯರನ್ನು ಸಮೀಕ್ಷೆಗೆ ಹೋದಲ್ಲೆಲ್ಲ ಕಂಡಿದ್ದೇನೆ. ಅವರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ.

ನಿಮ್ಮ ಶಾಲೆಯನ್ನು ದೊಡ್ಡ ಶಾಲೆಗೆ ಸೇರಿಸುವುದರಲ್ಲಿ ಲಾಭವೂ ಇದೆ. ತರಗತಿಗೊಬ್ಬ ಶಿಕ್ಷಕರು, ಜೊತೆಗೆ ಆಡಲು ಮಕ್ಕಳು. ಏಳೇ ಮಕ್ಕಳಿರುವ ಶಾಲೆ ಆ ಏಳು ಮಕ್ಕಳಿಗೂ ಒಳ್ಳೆಯದೇ ಎಂದು ನಾನು ಹೇಳಲಾರೆ. ಆದರೆ ಆಗುಂಬೆ ಸೀಮೆಯ ಮಳೆಯಲ್ಲಿ ಕಾಲುಸಂಕ ದಾಟಿ ಆರು ವರ್ಷದ ಮಗು ಎಷ್ಟು ದೂರ ಹೋದೀತು? ವಾಹನವಿಲ್ಲದ ವಿಲೀನದಲ್ಲಿ ಮೊದಲು ಶಾಲೆ ಬಿಡುವುದು ಲೈನ್ ಮನೆಯ ಮಕ್ಕಳು, ಅವರಲ್ಲೂ ಹೆಣ್ಣುಮಕ್ಕಳು. ಒಂದರಿಂದ ಐದನೇ ತರಗತಿಗೆ ಒಂದು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕು ಕಾಯ್ದೆಯ ನಿಯಮ. ವಯಸ್ಸಿನ ದಾಖಲೆ ಇಲ್ಲ, ಟಿಸಿ ಇನ್ನೂ ಬಂದಿಲ್ಲ ಎಂಬ ಕಾರಣಕ್ಕೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ.

ಹಾಗಾಗಿ, ಟೀಚರ್, ಏಪ್ರಿಲ್, ಮೇ ತಿಂಗಳಲ್ಲಿ ಬಿಡುವು ಮಾಡಿಕೊಂಡು ಶಾಲೆಯ ಸುತ್ತಲಿನ ಲೈನ್ ಮನೆಗಳಿಗೆ ಒಮ್ಮೆ ಹೋಗಿಬನ್ನಿ. ಆರರಿಂದ ಹದಿನಾಲ್ಕರ ಒಳಗಿನ ಮಕ್ಕಳ ಹೆಸರು, ವಯಸ್ಸು, ಎಲ್ಲಿಯವರು, ಎಷ್ಟು ತಿಂಗಳು ಇರುತ್ತಾರೆ, ಮನೆಯಲ್ಲಿ ಯಾವ ಭಾಷೆ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಮುಂಚೆಯೇ ತಿಳಿಸಿ ಹೋದರೆ ಅನುಮಾನ ಬರುವುದಿಲ್ಲ. ಜೂನ್‌ಗೆ ಮೊದಲು ಆ ಪಟ್ಟಿಯನ್ನು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಇಡಿ, ಒಂದು ಪ್ರತಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಟ್ಟಿಯಲ್ಲಿ ಹತ್ತು ಹೆಸರು ಬಂದರೆ ನನಗೂ ಬರೆದು ತಿಳಿಸಿ. ಕನ್ನಡ ಬಾರದ ಮಕ್ಕಳನ್ನು ಮೊದಲ ಮೂರು ತಿಂಗಳು ತರಗತಿಯಲ್ಲಿ ಹೇಗೆ ಕೂರಿಸಿಕೊಳ್ಳುವುದು ಎಂಬುದನ್ನು ಮಾತ್ರ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.